ಎಲಾದಿಯೊನ ಹುಳದ ಡಬ್ಬಿ

ಗಂಡ ಎಲಾದಿಯೊ ತೀರಿಕೊಂಡು ಐದನೆಯ ದಿನ. ಸತ್ತವರು ಬಳಸಿದ್ದನ್ನೆಲ್ಲ ಅಂದು ಹೊಳೆಗೆ ಹೊತ್ತು ತೊಳೆಯಬೇಕು. ಒಂದೇ ಒಂದು ತೊಳೆಯದೆ ಉಳಿದರೂ ಅದನ್ನು ಹುಡುಕಿಕೊಂಡು ಹೋದ ಜೀವ ಮತ್ತೆ ಮನೆಬಾಗಿಲಿಗೆ ಬಂದು ನಿಲ್ಲುತ್ತದೆ. ದೊರಾಲಿಸಾ ಬಂಡೆಯ ಮೇಲೆ ಕೂತು ಅವನ ಅಂಗಿ ತಿಕ್ಕುತ್ತಿದ್ದಳು. ಕೊರೆಯುವ ನೀರಿಗೆ ಕೈ ಮರಗಟ್ಟಿತ್ತು. ಎದೆ ಅದಕ್ಕೂ ಮೊದಲೇ ಮರಗಟ್ಟಿತ್ತು. ಈವರೆಗೆ ಒಂದು ಹನಿ ಕಣ್ಣೀರು ಬಂದಿಲ್ಲ. ಪಕ್ಕದ ಮನೆಯಿಂದ ಕೇಳಿ ತರೋಣವೆಂದರೆ ಅದೇನು ಉಪ್ಪೇ?

"ಮೂಗಾದ್ರೂ ಸೀಟ್ಕೋ ಅತ್ತಿಗೆ, ಅಳ್ತಿದಾಳೆ ಅಂದ್ಕೊಳ್ಲಿ ಜನ," ನಾದಿನಿ ಹಸಿಂತಾ ಚುಚ್ಚಿದಳು.

ಕೋಟಿನ ಜೇಬಿನಲ್ಲಿ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಒದ್ದೆ ಮಣ್ಣು, ಎರೆಹುಳ. ಇನ್ನೂ ಮಿಸುಕಾಡುತ್ತಿದ್ದವು.

"ನನ್ನ ಸವತಿ ಊಟ," ಎಂದಳು ದೊರಾಲಿಸಾ.

ಬೆಳಗಾದರೆ ಎಲಾದಿಯೊ ಕಾಡಿಗೆ ಹೋಗಿ ಒಂದು ಹಕ್ಕಿಗೆ ಹುಳ ಹಾಕಿ ಬರುತ್ತಿದ್ದ. ಬಾಲವಿಲ್ಲದ, ಕೋಳಿಮೊಟ್ಟೆಗೆ ಎರಡು ಕಡ್ಡಿ ಸಿಕ್ಕಿಸಿದಂಥ ಹಕ್ಕಿ. ಯಾರ ಕಣ್ಣಿಗೂ ಬೀಳದ ಆ ಪುಕ್ಕಲು ಹಕ್ಕಿ ಇವನು ಕರೆದರೆ ಓಡಿ ಬರುತ್ತಿತ್ತಂತೆ. ದೊರಾಲಿಸಾ ಒಮ್ಮೆಯೂ ಹೋಗಿ ನೋಡಿರಲಿಲ್ಲ. ಮನೆಯಲ್ಲಿ "ಏ ಮುದುಕಿ" ಬಿಟ್ಟು ಬೇರೆ ಮಾತೇ ಬಾರದ ಗಂಡಸಿಗೆ ಕಾಡಿನಲ್ಲಿ ಎಲ್ಲಿಂದ ಬರುತ್ತದೆ ಅಷ್ಟೊಂದು ಅಕ್ಕರೆ? ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

"ಹೊಳೆಗೆ ಸುರಿ ಅತ್ಲಾಗೆ," ಎಂದಳು ಹಸಿಂತಾ.

"ಜೀವ ಇದೆ ಕಣೇ. ಹಾಕಿ ಬರ್ತೀನಿ. ಏನಂತ ಕರೀತಿದ್ದ ಅದನ್ನ?"

ಹಸಿಂತಾಳ ಕೈ ನಿಂತಿತು. "ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ನಾಚ್ಕೆ ಅವನಿಗೆ. ದೊರಾ ಅಂತ ಕರೀತಿದ್ದ ಅತ್ತಿಗೆ."

"ಥೂ, ಅವನ ಮನೆ ಹಾಳಾಗ!" ಎಂದಳು ದೊರಾಲಿಸಾ. ಆ ಮನೆ ತನ್ನದೂ ಹೌದು ಎಂಬುದು ಹೊಳೆಯಲಿಲ್ಲ.

ಕಾಡಿನಲ್ಲಿ ಮಂಜು ಇಳಿದಿತ್ತು. ಹಸಿಂತಾ ಹೇಳಿದ ಗುರುತು ಹಿಡಿದು ಹೋಗಿ, ಅವನು ಹುಳ ಇಡುತ್ತಿದ್ದ ದಿಮ್ಮಿಯ ಮುಂದೆ ನಿಂತು "ಬಾ, ಬಾ" ಎಂದಳು. ಬಿದಿರು ಅಲುಗಲಿಲ್ಲ. ತನ್ನ ಹೆಸರನ್ನು ತಾನೇ ಕೂಗುವುದೆಂದರೆ ಹುಚ್ಚು ಹಿಡಿದವರ ಕೆಲಸ. ಮದುವೆಗೆ ಮುಂಚೆ, ಬೇಲಿಯಾಚೆ ನಿಂತು ಮೆಲ್ಲಗೆ ಅವನು ಕರೆಯುತ್ತಿದ್ದ ಹೆಸರು ಅದು.

"ದೊರಾ," ಎಂದಳು, ಅವನಂತೆಯೇ ಮೆಲ್ಲಗೆ. "ಬಾ ದೊರಾ, ಬಾ ಚಿನ್ನ."

ಬಿದಿರಿನ ಬುಡದಿಂದ ಹಕ್ಕಿ ಕುಪ್ಪಳಿಸಿ ಬಂತು. ಒಂದು ಹುಳ ನುಂಗಿತು, ಇನ್ನೊಂದು ನುಂಗಿತು. ಡಬ್ಬಿ ಖಾಲಿಯಾದ ಮೇಲೂ ನಿಂತು ಅವಳ ಹಿಂದಿನ ಕಾಲುದಾರಿ ನೋಡಿತು. ಅವಳೂ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಹೊಳೆಯ ಹತ್ತಿರ ಹಸಿಂತಾ ಕೊನೆಯ ಬಟ್ಟೆ ಹಿಂಡುತ್ತಿದ್ದಳು. "ಬಂತಾ?"

"ಬಂತು."

"ಅಳು ಬಂತಾ?"

"ಇಲ್ಲ."

"ಹೋಗ್ಲಿ, ಡಬ್ಬಿ ಕೊಡು. ಅದನ್ನೂ ತೊಳೀಬೇಕು."

ದೊರಾಲಿಸಾ ಡಬ್ಬಿಯನ್ನು ಸೆರಗಿನೊಳಗೆ ಒತ್ತಿ ಹಿಡಿದಳು.

"ತೊಳೆಯಲ್ಲ ಕಣೇ. ಹುಡುಕ್ಕೊಂಡು ಬರ್ಲಿ. ಬಾಗ್ಲಲ್ಲಿ ನಿಂತು ಒಂದ್ಸಲ ಹಾಗೆ ನನ್ನ ಕರೀಲಿ."