ನಾಲ್ಕನೆಯ ಕ್ಯಾಮೆರಾ

ಗುರುನಾಥನ ಮನೆಯ ಹೊರಗೆ ಮೊದಲ ಮೂರು ಕ್ಯಾಮೆರಾ ಕೂರಿಸಿದ ದಿನ ಏಣಿ ಹಿಡಿದು ನಿಂತವನು ಬಾಬುಸಾಬನೇ. 2008ರ ಬೇಸಿಗೆ. ಸವದತ್ತಿಯಲ್ಲಿ ಅಂಥದ್ದನ್ನು ಮನೆಗೆ ಹಾಕಿಸಿಕೊಂಡವರು ಆಗ ಬೆರಳೆಣಿಕೆಯಷ್ಟು ಮಂದಿ. ಗುರುನಾಥನದು ಪಂಪ್‌ಸೆಟ್ ಅಂಗಡಿ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ ಅಂಗಡಿಯ ಹಿಂದಿದ್ದ ಅವನ ಮನೆಯಂಗಳದ ಶೆಡ್ಡಿನಲ್ಲಿ ನಡೆಯುತ್ತಿತ್ತು. ಆ ಶೆಡ್ಡಿನಿಂದ ಮೂರು ತಿಂಗಳಿಂದ ತಾಮ್ರದ ತಂತಿಯ ಸುರುಳಿಗಳು ಕಾಣೆಯಾಗುತ್ತಿದ್ದವು.

ಬಾಬುಸಾಬ ಹೆಸರಿಗೆ ಆ ಮನೆಯ ಡ್ರೈವರ್. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಮಾಡದ ಕೆಲಸ ಆ ಮನೆಯಲ್ಲಿ ಯಾವುದೂ ಉಳಿದಿರಲಿಲ್ಲ. ಗುರುನಾಥನ ಮಗಳು ಪೂನಮ್‌ಳನ್ನು ಶಾಲೆಗೆ ಬಿಟ್ಟವನು ಅವನು. ಗುರುನಾಥನ ತಂದೆ ಬೆಳಗಾವಿಯ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಾಗ ಹನ್ನೊಂದು ದಿನ ಮಗ್ಗುಲಿಗೆ ಕುಳಿತವನೂ ಅವನೇ. ಅಂಗಳದ ಮೂಲೆಯ ಎರಡು ಕೋಣೆಗಳಲ್ಲಿ ಅವನೂ ಹೆಂಡತಿ ಸುಗರಾಬಿಯೂ ಇದ್ದರು. ಹಿಂದಿನ ಗೇಟಿನ ಕೀಲಿ ಅವನ ಬಳಿಯೇ ಇರುತ್ತಿತ್ತು.

ಕ್ಯಾಮೆರಾ ಕೂರಿಸಲು ಬಂದವನು ಬೈಲಹೊಂಗಲದ ಟಿವಿ ಮೆಕ್ಯಾನಿಕ್ ಫಾರೂಕ್. ನಲವತ್ತು ದಾಟಿದ ಮೇಲೆ ಹುಬ್ಬಳ್ಳಿಗೆ ಹೋಗಿ ಈ ಹೊಸ ಕೆಲಸ ಕಲಿತುಕೊಂಡು ಬಂದಿದ್ದ. ಮುಂಬಾಗಿಲಿನ ಗೇಟಿಗೆ ಒಂದು, ಕಂಪೌಂಡಿನ ಗೋಡೆಗೆ ಒಂದು. ಮೂರನೆಯದನ್ನು ಶೆಡ್ಡಿನ ತಗಡಿನ ಕೆಳಗೆ ಯಾರಿಗೂ ಕಾಣದಂತೆ ಕೂರಿಸಿದ.

"ಇವು ದಿನಾ ಪೂರ್ತಿ ರೆಕಾರ್ಡ್ ಮಾಡೂದಿಲ್ರಿ ಭಾಯ್," ಎಂದು ಅವನು ಬಾಬುಸಾಬನಿಗೆ ಹೇಳಿದ. "ಮುಂದ ಏನರ ಅಲಗ್ಯಾಡಿದ್ರ ಅಷ್ಟ ಸುರು ಆಗತಾವ. ನೀವೊಂಚೂರು ನಡದ ತೋರಸ್ರಿ, ನಾ ಒಳಗ ನೋಡತೇನಿ."

ಬಾಬುಸಾಬ ಗೇಟಿನಿಂದ ಶೆಡ್ಡಿಗೆ ನಡೆದ. ಮೆಲ್ಲಗೆ ನಡೆದ, ಓಡಿದ, ಹೆಗಲ ಮೇಲೆ ಚೀಲ ಇಟ್ಟುಕೊಂಡು ನಡೆದ.

"ಬಗ್ಗಿ ಬರ್ರಿ, ಕಳ್ಳರು ಬಂದಂಗ!" ಎಂದು ಫಾರೂಕ್ ಒಳಗಿನಿಂದ ಕೂಗಿದ.

ಬಾಬುಸಾಬ ಬಗ್ಗಿ, ಅತ್ತಿತ್ತ ನೋಡುತ್ತ, ಗೋಡೆಯ ಬದಿ ಹಿಡಿದು ಬಂದ. ಆಫೀಸಿನ ಕೋಣೆಯಲ್ಲಿ ಟಿವಿ ಮುಂದೆ ಕುಳಿತ ಗುರುನಾಥ ನಗುವುದು ಅಂಗಳಕ್ಕೆ ಕೇಳಿಸಿತು. ಬೇವಿನ ಟೊಂಗೆ ಗಾಳಿಗೆ ಅಲ್ಲಾಡಿದಾಗಲೆಲ್ಲ ಗೋಡೆಯ ಕ್ಯಾಮೆರಾ ಸುಮ್ಮನೆ ಸುರುವಾಗುತ್ತಿತ್ತು. ಬಾಬುಸಾಬನೇ ಮರ ಹತ್ತಿ ಆ ಟೊಂಗೆಯನ್ನು ಕಡಿದು ಹಾಕಿದ.

ಮುಂದಿನ ವಾರ ಗುರುನಾಥನ ತಾಯಿ ಶೆಟ್ಟೆವ್ವ ಅವನನ್ನು ಕರೆದಳು. "ಬಾಬು, ನಾಳೆ ನನ್ನ ಹೂಲಿಗೆ ಕರಕೊಂಡ ಹೋಗಪಾ. ನಮ್ಮ ಅಕ್ಕನ್ನ ನೋಡಿ ಭಾಳ ದಿನಾ ಆತು. ಅಲ್ಲಿಂದ ನವಿಲುತೀರ್ಥಕ್ಕ ಹೋಗೂಣು. ಸುಗರಾಬೀನೂ ಬರಲಿ. ಇಷ್ಟ ಹತ್ರ ಇದ್ದು ಡ್ಯಾಮ್ ನೋಡಿಲ್ಲಂತ ಆಕಿ."

ಸುಗರಾಬಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟಳು. ಆ ಮನೆಯ ಕಾರಿನಲ್ಲಿ ಹಿಂದಿನ ಸೀಟಿಗೆ, ಶೆಟ್ಟೆವ್ವನ ಪಕ್ಕಕ್ಕೆ ಅವಳು ಕುಳಿತದ್ದು ಅದೇ ಮೊದಲು. ಡ್ಯಾಮಿನ ಕೆಳಗೆ ಗಿಡದ ನೆರಳಲ್ಲಿ ಮೂವರೂ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದರು. ಶೆಟ್ಟೆವ್ವ ತನ್ನ ಬುತ್ತಿಯಿಂದ ಬದನೆಕಾಯಿ ಪಲ್ಯ ಎತ್ತಿ ಸುಗರಾಬಿಯ ರೊಟ್ಟಿಯ ಮೇಲೆ ಹಾಕಿ, "ಉಣ್ಣವ್ವಾ, ನಾಚಗೋಬ್ಯಾಡ," ಎಂದಳು. ಬಿಸಿಲು ಇಳಿಯುವ ತನಕ ಅವಳು ಏಳಲೇ ಇಲ್ಲ. ಬಾಬುಸಾಬ ಎರಡು ಸಲ "ಹೋಗೂಣೇನ್ರಿ ಅವ್ವಾರ?" ಎಂದು ಕೇಳಿದರೂ "ಕುಂದರಪಾ, ಏನ ಅವಸರ" ಎಂದಳು. ಸುಗರಾಬಿ ಆ ದಿನದ ಮಾತನ್ನು ಓಣಿಯ ಹೆಂಗಸರಿಗೆಲ್ಲ ವಾರಗಟ್ಟಲೆ ಹೇಳಿಕೊಂಡು ತಿರುಗಿದಳು.

ಅದಾದ ಮೇಲೆ ಮನೆಯಲ್ಲಿ ಸಣ್ಣ ಸಣ್ಣ ಬದಲಾವಣೆಗಳಾದವು. ಹಿಂದಿನ ಗೇಟಿನ ಕೀಲಿಯನ್ನು ಗುರುನಾಥ "ನನ್ನ ಕಡೆ ಇರಲಿ" ಎಂದು ಇಸಿದುಕೊಂಡ. ಮೋಟರು ಸುತ್ತುವ ಹಣಮಂತಪ್ಪ ಒಂದು ದಿನ ಬಾಬುಸಾಬನ ಚೀಲದ ಬಾಯಿ ಬಿಚ್ಚಿ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡು ಕಟ್ಟಿಟ್ಟ. ಎಲ್ಲರ ಚೀಲವನ್ನೂ ನೋಡುತ್ತಿರಬೇಕು ಎಂದುಕೊಂಡು ಬಾಬುಸಾಬ ಸುಮ್ಮನಾದ. ಬೇರೆ ಯಾರ ಚೀಲವನ್ನೂ ಬಿಚ್ಚುವುದನ್ನು ತಾನು ಕಂಡಿಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ.

ಒಂದು ಬುಧವಾರ ಗುರುನಾಥ ಬೇರೆ ಕಾರಿನಲ್ಲಿ ಬೆಳಗಾವಿಗೆ ಹೋಗಿದ್ದ. ರೆಕಾರ್ಡಿಂಗ್ ಯಂತ್ರದಲ್ಲಿ ಜಾಗ ತುಂಬಿದೆಯೆಂದು ಫಾರೂಕ್‌ನನ್ನು ಕರೆಸಲಾಗಿತ್ತು. ಬಾಬುಸಾಬ ಅವನಿಗೆ ಚಹಾ ಒಯ್ದುಕೊಟ್ಟು ಟಿವಿಯ ಪಕ್ಕ ನಿಂತ.

"ನಿಮ್ಮ ಮನಿ ಕಡೆದ ಕ್ಯಾಮೆರಾನ ಎಲ್ಲಾ ತುಂಬಿಸೇತಿ ನೋಡ್ರಿ," ಎಂದ ಫಾರೂಕ್. "ನೀವು ಬಾಗಲಾ ತಗದ್ರ ಸಾಕು, ಸುರು ಆಗತೈತಿ."

"ನಮ್ಮ ಮನಿ ಕಡೆ ಕ್ಯಾಮೆರಾ ಎಲ್ಲೈತಿ? ಮೂರ ಅದಾವಲ್ಲ."

ಫಾರೂಕ್ ತಿರುಗಿ ನೋಡಿದ. "ನೀವ ಕೇಳಿದ್ರೆಂತ ಹಾಕೇನಲ್ರಿ. ಬಾಬು ಊರಾಗ ಇಲ್ದಾಗ ಹೆಣ್ಮಗಳು ಒಬ್ಬಾಕಿನ ಇರತಾಳ, ಅಂವನ ಹಾಕ್ಸಂದಾನ ಅಂತ ಸಾವಕಾರ್ರು ಅಂದ್ರು."

"ಯಾವತ್ತ ಹಾಕಿದ್ರಿ?"

"ನೀವೆಲ್ಲಾ ನವಿಲುತೀರ್ಥಕ್ಕ ಹೋಗಿದ್ರಲ್ಲ, ಅವತ್ತ."

ಟಿವಿಯಲ್ಲಿ ಬಾಬುಸಾಬನ ಮನೆಯ ಬಾಗಿಲು ಇತ್ತು. ಬಾಗಿಲ ಪಕ್ಕದ ತಟ್ಟಿಯ ಬಚ್ಚಲೂ ಇತ್ತು. ಸುಗರಾಬಿ ಸ್ನಾನ ಮುಗಿಸಿ ಹೊರಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಹೊಸ್ತಿಲ ಮೇಲೆ ಕುಳಿತು ಒದ್ದೆ ಕೂದಲನ್ನು ಮುಂದಕ್ಕೆ ಚೆಲ್ಲಿಕೊಂಡು ಒರೆಸತೊಡಗಿದಳು. ಮುಂದಿನ ತುಣುಕಿನಲ್ಲಿ ಬಾಬುಸಾಬನೇ ಬಂದ, ಕೈಯಲ್ಲಿ ಚೀಲ. ಅದರ ಮುಂದಿನದರಲ್ಲಿ ಮತ್ತೆ ಸುಗರಾಬಿ. ಹೀಗೆ ನಾಲ್ಕು ವಾರ.

"ಇದೊಂದನ್ನ ಅಳಸಬ್ಯಾಡ ಅಂದಾರ," ಎಂದು ಫಾರೂಕ್, ಮಾತು ಬದಲಿಸಲೆಂಬಂತೆ, ಪ್ರತ್ಯೇಕವಾಗಿ ಎತ್ತಿಟ್ಟಿದ್ದ ಇನ್ನೊಂದು ತುಣುಕು ತೆರೆದ. ಅದು ಶೆಡ್ಡಿನ ಕ್ಯಾಮೆರಾದ್ದು. ಹನ್ನೆರಡು ದಿನಗಳ ಹಿಂದಿನ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಬಾಬುಸಾಬ ಆ ಹೊತ್ತಿಗೆ ಪ್ರತಿವಾರ ಮಸೂತಿಯಲ್ಲಿರುತ್ತಿದ್ದ. ಜೇಬಿನಿಂದ ಇನ್ನೊಂದು ಕೀಲಿ ತೆಗೆದು ಹಿಂದಿನ ಗೇಟು ತೆರೆದು ಒಳಗೆ ಬಂದವನು ಗುರುನಾಥನ ಅಳಿಯ, ರಾಮದುರ್ಗದಲ್ಲಿರುವ ಪೂನಮ್‌ಳ ಗಂಡ. ಎರಡು ಸುರುಳಿ ಎತ್ತಿಕೊಂಡು ಹೋಗಿ ತನ್ನ ಕಾರಿನಲ್ಲಿಟ್ಟ. ಬಂದು ಮತ್ತೆರಡು ಎತ್ತಿಕೊಂಡ.

ಫಾರೂಕ್‌ನಿಗೆ ಎಲ್ಲ ಅರ್ಥವಾಯಿತು. "ಅಲ್ಲಾನ ಆಣಿ ಭಾಯ್," ಎಂದ, "ನನಗ ಏನೂ ಗೊತ್ತಿರಲಿಲ್ಲ."

ಮೊದಲು ತನ್ನ ಮೇಲೆ ಸಂಶಯ ಬಂದದ್ದು ಬಾಬುಸಾಬನಿಗೆ ಅಷ್ಟು ಚುಚ್ಚಲಿಲ್ಲ. ಕೀಲಿ ಇದ್ದವನ ಮೇಲೆ ಯಾರಿಗಾದರೂ ಬರಬಹುದು. ಆದರೆ ಕಳ್ಳ ಯಾರೆಂದು ಗೊತ್ತಾಗಿ ಹನ್ನೆರಡು ದಿನ ಕಳೆದಿದ್ದವು. ಆ ಹನ್ನೆರಡು ದಿನವೂ ಗುರುನಾಥ ಅವನ ಪಕ್ಕದ ಸೀಟಿನಲ್ಲಿ ಕುಳಿತು ಊರೂರು ತಿರುಗಿದ್ದ, ಅವನ ಕೈಯಿಂದ ಚಹಾ ಕುಡಿದಿದ್ದ.

ಸಂಜೆ ಗುರುನಾಥ ಬಂದ ಕೂಡಲೇ ಬಾಬುಸಾಬ ಆಫೀಸಿನ ಕೋಣೆಗೆ ಹೋದ. ವಿಷಯ ತಿಳಿದ ಸುಗರಾಬಿಯೂ ಬೇಡವೆಂದರೂ ಕೇಳದೆ ಅವನ ಹಿಂದೆ ಬಂದು ಬಾಗಿಲಲ್ಲಿ ನಿಂತಳು.

"ಸಾವಕಾರ್ರ, ನಾಕನೇ ಕ್ಯಾಮೆರಾ ಯಾಕ ಹಾಕ್ಸಿದ್ರಿ?"

ಗುರುನಾಥ ಕನ್ನಡಕ ತೆಗೆದು ಒರೆಸಿಕೊಂಡ. "ತಪ್ಪ ತಿಳ್ಕೋಬ್ಯಾಡ ಬಾಬು. ಕೀಲಿ ನಿನ್ನ ಕಡೆ ಇತ್ತು. ಮನಷಾ ಅಂದಮ್ಯಾಲೆ ಒಂದ ಸಲ ಅನಮಾನ ಬರತೈತಿ. ನಿಂದೇನೂ ಇಲ್ಲಂತ ಗೊತ್ತಾತಲ್ಲ, ಅಲ್ಲಿಗೆ ಮುಗೀತು."

"ಗೊತ್ತಾಗಿ ಹನ್ನೆರಡ ದಿನಾ ಆತರಿ. ಇನ್ನೂ ಯಾಕ ತಗಸಿಲ್ಲ?"

ಗುರುನಾಥ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಬಿಲ್ಲುಗಳನ್ನು ಜೋಡಿಸತೊಡಗಿದ.

"ಅದನ್ನ ಯಾರ್ಯಾರ ನೋಡ್ಯಾರ?" ಎಂದು ಸುಗರಾಬಿ ಕೇಳಿದಳು. ಗುರುನಾಥನ ಜೊತೆ ಅವಳು ಇಷ್ಟು ವರ್ಷ ನೇರವಾಗಿ ಮಾತಾಡಿದ್ದೇ ಇಲ್ಲ.

"ನಾ ಒಬ್ಬನ ನೋಡೇನವ್ವಾ. ಬ್ಯಾರೆ ಯಾರೂ ನೋಡಿಲ್ಲ."

"ನೀವು ನೋಡಿದ್ರಲ್ಲ," ಎಂದಳು ಅವಳು.

ಗುರುನಾಥ ತಲೆ ತಗ್ಗಿಸಿದ. ಬಾಬುಸಾಬ ಹೇಳಿದ: "ಅದನ್ನೆಲ್ಲಾ ಈಗ ನನ್ನ ಮುಂದ ಅಳಸ್ರಿ. ಮತ್ತ ನಾಳೆ ಅಂಗಡ್ಯಾಗ ಎಲ್ಲಾರ ಎದರ ಒಂದ ಮಾತ ಹೇಳ್ರಿ. ಬಾಬುಸಾಬ ತಂತಿ ಮುಟ್ಟಿಲ್ಲ ಅಂತ. ಅಷ್ಟ ಸಾಕು."

"ಅಳಸತೇನಿ. ಆದ್ರ ಆ ಮಾತ ಹೆಂಗ ಹೇಳ್ಲೋ? ಮತ್ತ ಯಾರ ಮುಟ್ಟಿದ್ರು ಅಂತ ಕೇಳತಾರ. ಪೂನಮ್‌ನ ಬಾಳೇವ ಐತಿ. ನೀನ ಎತ್ತಿ ಆಡ್ಸಿದ ಕೂಸ ಆಕಿ."

"ನಮ್ಮದು ಬಾಳೇವ ಅಲ್ಲೇನ್ರಿ?"

ಅಷ್ಟರಲ್ಲಿ ಶೆಟ್ಟೆವ್ವ ಒಳಗಿನಿಂದ ಬಂದಳು. "ಬಾಬು, ಇದ ಇಲ್ಲೇ ಇರಲೆಪ್ಪಾ. ಹೊರಗ ಹೋಗೂದು ಬ್ಯಾಡ."

ಬಾಬುಸಾಬ ಅವಳ ಕಡೆ ತಿರುಗಿದ. "ಅವ್ವಾರ, ಅವತ್ತ ನಿಮಗ ಖರೇನ ಹೂಲಿಗೆ ಹೋಗೂದಿತ್ತೇನ್ರಿ?"

ಮುದುಕಿ ಸೆರಗಿನ ಅಂಚು ತಿಕ್ಕಿದಳು. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಗುರುನಾಥ ಹೇಳಿದ್ದಪಾ," ಎಂದಳು. "ಸಂಜಿತನಕ ಇಬ್ಬರ್ನೂ ಹೊರಗ ಇಟಗೋ ಅಂದಿದ್ದ."

ಅಲ್ಲಿಯವರೆಗೆ ಕಣ್ಣಲ್ಲಿ ಒಂದು ಹನಿ ತಂದಿರದ ಸುಗರಾಬಿ ಆ ಮಾತಿಗೆ ಅಳತೊಡಗಿದಳು.

ಮರುದಿನ ಬೆಳಿಗ್ಗೆ ಬಾಬುಸಾಬ ತನ್ನ ಕೋಣೆಗಳ ಎದುರಿಗಿದ್ದ ದನದ ಕೊಟ್ಟಿಗೆಗೆ ಏಣಿ ಹಚ್ಚಿದ. ಸೂರಿನ ಕೆಳಗೆ ಹರಿದ ಬುಟ್ಟಿಯೊಂದನ್ನು ಕಟ್ಟಿ ಅದರ ಹಿಂದೆ ಕ್ಯಾಮೆರಾ ಮುಚ್ಚಿಟ್ಟಿದ್ದರು. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ವೈರು ಸುತ್ತಿ, ಒಂದಿಷ್ಟೂ ಗೀರು ಬೀಳದಂತೆ ಇಳಿಸಿ ತಂದು ಕಟ್ಟೆಯ ಮೇಲೆ ಶೆಟ್ಟೆವ್ವನ ಮುಂದಿಟ್ಟ. ಅಂಗಡಿಯ ಮಂದಿ ದೂರ ನಿಂತು ನೋಡಿದರು. ಹನ್ನೊಂದರ ಹೊತ್ತಿಗೆ ಗಂಡಹೆಂಡತಿ ಎರಡು ಟ್ರಂಕು, ಹಾಸಿಗೆ, ಅಡಿಗೆ ಸಾಮಾನು ಟೆಂಪೋಕ್ಕೆ ಹಾಕಿಕೊಂಡು ರಾಮದುರ್ಗಕ್ಕೆ, ಸುಗರಾಬಿಯ ಅಕ್ಕನ ಮನೆಗೆ ಹೊರಟುಹೋದರು.

ಹೋದದ್ದರಿಂದ ಊರಿನ ಸಂಶಯ ಗಟ್ಟಿಯಾಯಿತು. ತಂತಿ ಕದ್ದವನು ಸಿಕ್ಕಿಬಿದ್ದು ಓಡಿಹೋದ ಎಂಬ ಮಾತು ರಾಮದುರ್ಗದವರೆಗೂ ಬಂತು. ಎರಡು ಕಡೆ ಡ್ರೈವರ್ ಕೆಲಸ ಕೇಳಲು ಹೋದಾಗ "ಆಮ್ಯಾಲೆ ಹೇಳತೇವಿ" ಎಂದು ಕಳಿಸಿದರು. ಕೊನೆಗೆ ಇಟ್ಟಿಗೆ ಸಾಗಿಸುವ ಹಳೆಯ ಲಾರಿಯೊಂದು ಸಿಕ್ಕಿತು.

ಒಂದು ದಿನ ಬಸ್ ಸ್ಟ್ಯಾಂಡಿನ ಎದುರು ಲಾರಿ ನಿಲ್ಲಿಸಿದ್ದಾಗ ಪೂನಮ್ ಅವನನ್ನು ನೋಡಿ ರಸ್ತೆ ದಾಟಿ ಬಂದಳು. ಐದು ತಿಂಗಳ ಬಸುರಿ.

"ಬಾಬು ಕಾಕಾ, ಹಂಗ್ಯಾಕ ಮಾಡಿದ್ರಿ? ಬೇಕಾಗಿದ್ರ ಅಪ್ಪಾರನ್ನ ಕೇಳಬೇಕಿಲ್ಲರಿ?"

ಬಾಬುಸಾಬ ಅವಳ ಮುಖವನ್ನೂ ಹೊಟ್ಟೆಯನ್ನೂ ನೋಡಿದ. ಸುಮ್ಮನಿದ್ದುಬಿಡಬಹುದಾಗಿತ್ತು. ಆದರೆ ಇವಳೂ ತನ್ನನ್ನು ಕಳ್ಳನೆಂದೇ ನಂಬಿದ್ದಾಳಲ್ಲ ಎಂಬುದನ್ನು ಅವನಿಂದ ನುಂಗಿಕೊಳ್ಳಲಾಗಲಿಲ್ಲ.

"ನಾ ಮಾಡಿಲ್ಲವ್ವಾ," ಎಂದ. "ನಿನ್ನ ಮನಿಯಾಂವ ಮಾಡ್ಯಾನ. ಕ್ಯಾಮೆರಾದಾಗ ಬಂದೈತಿ. ನಿಮ್ಮಪ್ಪಾರ ನೋಡಿ ಎತ್ತಿಟ್ಟಾರ."

"ಸುಳ್ಳ!" ಎಂದಳು ಪೂನಮ್. ತಿರುಗಿ ನೋಡದೆ ಹೋದಳು. ಆ ರಾತ್ರಿ ಬಾಬುಸಾಬ, ಹೇಳಿದ್ದು ಸರಿಯೋ ತಪ್ಪೋ ಎಂದು ಹೆಂಡತಿಯನ್ನೇ ಕೇಳಿದ. "ಖರೇ ಹೇಳೀರಿ," ಎಂದಷ್ಟೇ ಅವಳು ಅಂದಳು.

ಮೂರು ವಾರದ ಮೇಲೆ ಹಣಮಂತಪ್ಪ ಹುಡುಕಿಕೊಂಡು ಬಂದ. ಪೂನಮ್ ಸವದತ್ತಿಗೆ ಹೋಗಿ, ಆ ತುಣುಕು ತೋರಿಸುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಕುಳಿತಳಂತೆ. ನೋಡಿದ ಮೇಲೆ ಗಂಡನ ಮನೆಗೆ ವಾಪಸು ಹೋಗಿಲ್ಲ. ಅವಳ ಒತ್ತಾಯಕ್ಕೆ ಗುರುನಾಥ ಅಂಗಡಿಯಲ್ಲಿ ಎಲ್ಲರೆದುರು, ಬಾಬುಸಾಬನ ಕೈ ಅದರಲ್ಲಿರಲಿಲ್ಲ ಎಂದು ಹೇಳಿದ್ದಾನೆ. ಯಾರ ಕೈ ಎಂಬುದನ್ನು ಹೇಳಿಲ್ಲ.

"ನಿನ್ನ ಚೀಲಾ ನೋಡಿದ್ದ ನನ್ನ ತಪ್ಪ, ಬಾಬು," ಎಂದ ಹಣಮಂತಪ್ಪ. "ಶೆಟ್ಟೆವ್ವಾರು ಭಾಳ ಹಳಹಳಸತಾರ. ಇಬ್ಬರ್ನೂ ಕರಕೊಂಡ ಬಾ ಅಂದಾರ."

"ಸಾವಕಾರ್ರ ಏನಂದ್ರು?"

"ಅವರೂ ಹೂಂ ಅಂದಾರ."

"ಅವರ ಯಾಕ ಬರಲಿಲ್ಲ?"

ಹಣಮಂತಪ್ಪ ಚೀಲ ಎತ್ತಿಕೊಂಡು ಹೊರಡಲು ಎದ್ದ. ಬಾಬುಸಾಬ ಅವನನ್ನು ಕೂರಿಸಿ ಚಹಾ ಕುಡಿಸಿದ, ಮಕ್ಕಳ ಸುದ್ದಿ ಕೇಳಿದ, ಬಸ್ಸಿನ ತನಕ ಬಂದ. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು, "ಅವ್ವಾರಿಗೆ ನಮಸ್ಕಾರ ಹೇಳ," ಎಂದ. "ನಾವು ಬರೂದಿಲ್ಲಂತ ಹೇಳ. ಸಿಟ್ಟಿಲೆ ಅಲ್ಲ. ಆ ಅಂಗಳದಾಗ ಇನ್ನ ನನಗ ನಡ್ಯಾಕ ಆಗೂದಿಲ್ಲ."