ಜಂಬಕ್ಕನ ವ್ಯಾನಿಗೆ ಹೊಂದಿದ ಜನರೇಟರ್

ಬೆನಕಪ್ಪ ಲಾರಿ ಓಡಿಸುತ್ತಿದ್ದಷ್ಟು ಕಾಲವೂ ಅವನ ಹೆಂಡತಿ ಜಂಬಕ್ಕ ಊರುಗಳನ್ನು ಅವನ ಬಾಯಿಂದ ಕೇಳಿಯೇ ನೋಡಿದವಳು. ಅವನು ಲಾರಿ ಬಿಟ್ಟು ಕೂಡ್ಲಿಗಿಯ ಮನೆಯಲ್ಲಿ ಕೂತದ್ದೇ ತಡ, ಅವಳು ಪಟ್ಟು ಹಿಡಿದಳು.

"ಹೇಳಿದ್ದು ಸಾಕ್ರಿ. ಇನ್ನ ಕರಕೊಂಡು ಹೋಗಿ ತೋರಸ್ರಿ."

ಬೆನಕಪ್ಪನಿಗೂ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹಳೆಯ ವ್ಯಾನೊಂದನ್ನು ಕೊಂಡು ಒಳಗೆ ಮಲಗಲು ಹಲಗೆ, ಅಡುಗೆ ಕಟ್ಟೆ ಮಾಡಿಸಿದ. ಟ್ಯೂಬ್‌ಲೈಟು, ಫ್ಯಾನು, ಟೇಪ್ ರೆಕಾರ್ಡರು ಬಂದವು. ಜಂಬಕ್ಕ ಹೊಸ ಮಿಕ್ಸಿಯನ್ನೂ ಎತ್ತಿಟ್ಟುಕೊಂಡಳು. ಉಳಿದದ್ದು ಕರೆಂಟು.

ಕೊಟ್ಟೂರಿನ ಬಂಗಾರಪ್ಪ ಜನರೇಟರ್ ಮಾರುತ್ತಿದ್ದ. ವ್ಯಾನನ್ನೇ ಅವನ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಬೆನಕಪ್ಪನ ಕಣ್ಣು ಬಿದ್ದದ್ದು ಎಮ್ಮೆಯಂಥ ಡೀಸೆಲ್ ಯಂತ್ರದ ಮೇಲೆ. "ತಗೊಂಡ್ರ ಇಂಥಾದ್ದು ತಗೋಬೇಕು!" ಎಂದ. ಹಮಾಲರು ಅದನ್ನು ಹಿಂಬದಿಗೆ ಏರಿಸುತ್ತಿದ್ದಂತೆ ವ್ಯಾನಿನ ಮೂತಿ ಮೇಲಕ್ಕೆದ್ದಿತು. ಚಾಲೂ ಮಾಡಿದರೆ ಪಾತ್ರೆಗಳೆಲ್ಲ ಕುಣಿದವು.

"ಇದರ ಸಂಗಾಟ ನೀವು ಹೋಗ್ರಿ, ನಾ ಬಸ್ಸಿಗೆ ಬರ್ತೀನಿ!" ಜಂಬಕ್ಕ ಕಿವಿ ಮುಚ್ಚಿಕೊಂಡು ಕೂಗಿದಳು.

ಮುನಿಸಿಕೊಂಡ ಬೆನಕಪ್ಪ ಎಲ್ಲಕ್ಕಿಂತ ಸಣ್ಣದನ್ನು ತರಿಸಿದ. ಒಂದೇ ಕೈಯಲ್ಲಿ ಎತ್ತಬಹುದಾದ ಪೆಟ್ರೋಲಿನದು. ದೀಪ ಹತ್ತಿತು, ಫ್ಯಾನು ತಿರುಗಿತು. ಜಂಬಕ್ಕ ಶೇಂಗಾ, ಹಸಿಮೆಣಸಿನಕಾಯಿ ಹಾಕಿ ಮಿಕ್ಸಿ ಹಚ್ಚಿದಳು. ದೀಪ ಮಂಕಾಯಿತು, ಜನರೇಟರ್ ಕೆಮ್ಮಿ ನಿಂತೇಹೋಯಿತು.

"ಮಿಕ್ಸಿ ಚಾಲೂ ಆಗೂ ಮುಂದ ಕರೆಂಟು ಜಗ್ಗಿ ಎಳಿತೈತ್ರಿ," ಎಂದ ಬಂಗಾರಪ್ಪ. "ಎಲ್ಲಾ ಒಮ್ಮಿಗೇ ಹಚ್ಚತೀರೇನು?"

ಬೆನಕಪ್ಪ ಹೆಂಡತಿಯ ಮುಖ ನೋಡಿದ.

"ಮಿಕ್ಸಿ ಗದ್ದಲದಾಗ ಟೇಪು ಹಚ್ಚಿದ್ರ ಯಾರಿಗೆ ಕೇಳಸ್ತೈತಿ?" ಎಂದು ಅವಳು ನಕ್ಕಳು. "ಫ್ಯಾನೂ ಬಂದ್ ಮಾಡಿದ್ರಾತು. ಚಟ್ನಿ ಅರಿಯೂ ಮುಂದ ದೀಪ ಒಂದಿದ್ರ ಸಾಕು."

ಮಿಕ್ಸಿಯ ಮೊದಲ ಎಳೆತವನ್ನೂ ದೀಪವನ್ನೂ ತಾಳಿ, ಮೇಲೆ ತುಸು ಕಸುವು ಉಳಿದರೆ ಸಾಕೆಂದು ಲೆಕ್ಕ ಹಾಕಿ ಬಂಗಾರಪ್ಪ ಒಂದು ಕಿಲೋವ್ಯಾಟಿನದನ್ನು ತಂದಿಟ್ಟ. ಮಿಕ್ಸಿ ಗುರ್ರೆಂದಿತು. ದೀಪ ಒಮ್ಮೆ ಮಿಣುಕಿ ಸುಧಾರಿಸಿಕೊಂಡಿತು. ಚಟ್ನಿ ನುಣ್ಣಗಾದಾಗ ಬೆನಕಪ್ಪನ ಮುನಿಸೂ ಇಳಿದಿತ್ತು. ಎದುರಿನ ಖಾನಾವಳಿಯಿಂದ ರೊಟ್ಟಿ ತರಿಸಿ ಮೂವರೂ ಅಲ್ಲೇ ಕೂತು ತಿಂದರು.

ಸಂಜೆಗೆ ವ್ಯಾನು ಹಲವಾಗಲಿನ ಹೊಳೆದಂಡೆಯಲ್ಲಿತ್ತು. ಹೊಗೆ ಒಳಗೆ ಬಾರದಂತೆ ಬೆನಕಪ್ಪ ಉದ್ದನೆಯ ವೈರು ಎಳೆದು ಜನರೇಟರನ್ನು ದೂರ ಇಟ್ಟ. ಬೆಳಕು ಕಂಡು ಕಲ್ಲಂಗಡಿ ಬೆಳೆಯುವ ಅಂಜಿನಕ್ಕ ಹಣ್ಣು ಹೊತ್ತುಕೊಂಡೇ ಬಂದಳು.

"ಯವ್ವಾ, ಮನೀನ ಗಾಲಿ ಮ್ಯಾಲ ಇಟಗೊಂಡು ಬಂದೀರಲ್ಲ!"

ಜಂಬಕ್ಕ ಸೀರೆ ಎತ್ತಿಕಟ್ಟಿ ಮೊಣಕಾಲಿನ ತನಕ ನೀರಿಗಿಳಿದಿದ್ದಳು. ಆಚೆ ದಡವನ್ನು ನೋಡಿದಷ್ಟೂ ಸಾಲದು.

"ನೀವು ಹೇಳಿದ್ದಕ್ಕಿಂತ ಅಗಲ ಐತ್ರಿ ಹೊಳಿ."

"ನಾಳಿ ಊರಿಗೆ ಹೊಳ್ಳಿ ಹೋಗೂಣೇನು?" ಎಂದ ಬೆನಕಪ್ಪ.

"ಊರೆಲ್ಲಿ ಓಡಿ ಹೋಗತೈತಿ? ಬಾಗಳಿ ಗುಡಿ ನೋಡಬೇಕು ನಾನು," ಎಂದು ಅವನ ಮೇಲೆ ನೀರು ಚಿಮ್ಮಿಸಿದಳು.