ಪಂಕಜಾಕ್ಷಿಯ ಎಡಗೈ

ನನ್ನ ಮಗಳು ಪಂಕಜಾಕ್ಷಿ ಎಡಚಿ. ಇವತ್ತು ಇದನ್ನು ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ೧೯೭೮ರಲ್ಲಿ ಹಾಗಿರಲಿಲ್ಲ. ಅಜ್ಜಂಪುರದ ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿಗೆ ಕೂತ ಕೂಡಲೆ ನನ್ನ ತಾಯಿ ಕರಿಬಸಮ್ಮ ಮೊಮ್ಮಗಳ ಎಡಗೈಯನ್ನು ಹಳೆ ಸೀರೆಯ ಚೂರಿನಿಂದ ಸೊಂಟಕ್ಕೆ ಕಟ್ಟುತ್ತಿದ್ದರು. ಬರೆಯಲು ಕೂತಾಗ ಕಟ್ಟುವ ಕೆಲಸ ನನ್ನದು. ನಾನು ಮೇಷ್ಟ್ರು, ಶಾಲೆಯಲ್ಲೂ ಎಡಚ ಮಕ್ಕಳಿಗೆ ಇದೇ ಮದ್ದು. ನಮ್ಮ ಮೇಷ್ಟ್ರು ಮಾಡಿದ್ದನ್ನೇ ನಾವೂ ಮಾಡಿದೆವು, ಯಾಕೆಂದು ಕೇಳಿದವರಿಲ್ಲ.

ಏಳು ವರ್ಷದ ಮಗು ಬರಬರುತ್ತಾ ತೊದಲತೊಡಗಿತು. ತನ್ನ ಹೆಸರು ಹೇಳುವುದಕ್ಕೂ ಒದ್ದಾಡುವುದು, ಸ್ಲೇಟು ಕಂಡರೆ ಬೆವರುವುದು.

"ಬಿಟ್ಬಿಡ್ರೀ, ಮಗು ಸೊರಗಿ ಹೋಯ್ತು" ಎಂದು ನನ್ನ ಹೆಂಡತಿ ಕಾಂತಮ್ಮ ಬೇಡಿಕೊಂಡಳು.

"ದಡ್ಡಿ ಕಣೇ ಅದು" ಎಂದರು ಅವ್ವ. "ದಸರಾ ಕಳೀಲಿ, ಸ್ಕೂಲು ಬಿಡ್ಸಿ ದನ ಕಾಯೋಕೆ ಹಾಕಿದ್ರಾಯ್ತು."

ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸುವ ನಾನು ಅದಕ್ಕೂ ಹೂಂ ಅಂದುಬಿಟ್ಟೆ.

ಆ ತಿಂಗಳು ತರೀಕೆರೆಯಲ್ಲಿ ಮೇಷ್ಟ್ರುಗಳ ತರಬೇತಿ. ತರಬೇತಿ ಅಂದರೆ ನಮಗೆ ಗೊತ್ತಿದ್ದದ್ದು ಇಷ್ಟೇ: ಯಾರೋ ಓದುತ್ತಾರೆ, ನಾವು ಬರೆದುಕೊಂಡು, ಉಪ್ಪಿಟ್ಟು ತಿಂದು, ಸಹಿ ಹಾಕಿ ಬಸ್ಸು ಹಿಡಿಯುತ್ತೇವೆ. ಹೊಸ ಇನ್‌ಸ್ಪೆಕ್ಟರು ದೇವೀರಪ್ಪನವರು ಮಾತ್ರ ಕಾಗದವನ್ನೇ ತೆಗೆಯಲಿಲ್ಲ.

"ಒಬ್ಬೊಬ್ರು ಒಂದೊಂದ್ ಥರ ಕಲೀತಾರೆ ಕಣ್ರೀ" ಎಂದರು. "ಓದಿ ಕಲಿಯೋರು ಪುಸ್ತಕ ತಗೊಳ್ಳಿ. ನಾಕು ಜನ ಕೂತು ಮಾತಾಡಿ ಕಲಿಯೋರು ಮಾತಾಡಿ. ನೋಡಿ ಕಲಿಯೋರು ಇನ್ನೊಬ್ರ ಪಾಠಕ್ಕೆ ಹೋಗಿ. ಯಾವ್ದು ಅಂತ ನೀವೇ ಆರಿಸ್ಕೊಳ್ಳಿ."

ಓದುವ ಉಸಾಬರಿ ಯಾರಿಗೆ ಬೇಕು? ಕುರ್ಚಿ ಮೇಲೆ ಕೂತೆದ್ದು ಬರಬಹುದೆಂದು ನಾನು ಪಾಠ ನೋಡುವುದನ್ನು ಆರಿಸಿಕೊಂಡೆ. ಕಡೂರು ತಾಲ್ಲೂಕಿನ ದೇವನೂರಿನ ಹತ್ತಿರದ ಒಂದು ಹಳ್ಳಿಗೆ ಚೀಟಿ ಕೊಟ್ಟರು. ಅಲ್ಲಿಗೆ ಹನುಮಂತಮ್ಮ ಒಬ್ಬರೇ ಟೀಚರು, ನನಗಿಂತ ಹದಿನೈದು ವರ್ಷ ಚಿಕ್ಕವರು.

ಅಬ್ಬಾ, ಆ ಶಾಲೆ! ನಲವತ್ತು ಮಕ್ಕಳು, ಕೋಲೂ ಇಲ್ಲ, ಗಲಾಟೆಯೂ ಇಲ್ಲ. ದೊಡ್ಡವರು ಚಿಕ್ಕವರಿಗೆ ಹುಣಸೆಬೀಜದಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಮುಂದಿನ ಸಾಲಿನಲ್ಲಿ ದುರ್ಗಮ್ಮ ಎಂಬ ಪುಟ್ಟ ಹುಡುಗಿ ಎಡಗೈಯಲ್ಲಿ ಬರೆಯುತ್ತಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

"ಏನ್ರೀ ಟೀಚರ್, ಮಗು ಎಡಗೈಲಿ ಬರೀತಾ ಇದೆ, ಸುಮ್ನಿದೀರಲ್ಲ?" ಎಂದು ರೇಗಿದೆ.

ಅವರು ನಗುತ್ತಾ ನನ್ನ ಕೈಗೇ ಸ್ಲೇಟು ಕೊಟ್ಟರು. "ಸಾರ್, ಬಲಗೈಲಿ ಬರಿ ಅಂತ ಅವಳಿಗೆ ಹೇಳೋ ಮುಂಚೆ, ನೀವೊಂದ್ಸಲ ಎಡಗೈಲಿ ನಿಮ್ಮ ಹೆಸರು ಬರೀರಿ."

ಬರೆದೆ. ಓಂಕಾರಮೂರ್ತಿ ಎಂಬ ಹೆಸರಿನ ಮೊದಲ ಅಕ್ಷರವೇ ಕೋಳಿ ಕೆದರಿದಂತಾಯಿತು. ಬಳಪ ಮುರಿಯಿತು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು, ನನ್ನ ಬೆನ್ನು ಬೆವರಿತು. ಅಯ್ಯೋ ಶಿವನೆ, ನನ್ನ ಕೂಸು ದಿನಾ ಪಡುವ ಪಾಡು ಇದೇ ಅಲ್ಲವೇ! ಇಪ್ಪತ್ತೆರಡು ವರ್ಷ ಭಾಷಣ ಬರೆದುಕೊಂಡರೂ ಗೊತ್ತಾಗದ್ದು ಐದೇ ನಿಮಿಷದಲ್ಲಿ ಗೊತ್ತಾಯಿತು. ಕಣ್ಣು ತುಂಬಿ ಬಂತು. ವಯಸ್ಸು ನೋಡದೆ ಆ ತಾಯಿಗೆ ಕೈಮುಗಿದೆ.

ಸಂಜೆ ಮನೆಗೆ ಬಂದೆ. ನನ್ನನ್ನು ಕಂಡದ್ದೇ ಮಗು ತಾನಾಗಿ ಬಟ್ಟೆ ತಂದು, ಕಟ್ಟು ಎಂದು ಕೈ ಚಾಚಿತು. ಬಟ್ಟೆಯನ್ನು ಕಿತ್ತುಕೊಂಡು ಒಲೆಗೆ ಹಾಕಿದೆ.

"ಏನೋ ಮೂರ್ತಿ, ಬುದ್ಧಿಗಿದ್ಧಿ ಕೆಟ್ಟೈತಾ?" ಅವ್ವ ಎದ್ದು ಬಂದರು. "ಎಡಗೈ ಮೈಲಿಗೆ ಕಣೋ. ಆ ಕೈಲಿ ಬರೆದ್ರೆ ಸರಸ್ವತಿ ಒಲೀತಾಳಾ? ನಾಳೆ ಇದನ್ನ ಯಾರು ಮದ್ವೆ ಆಗ್ತಾರೆ?"

"ಕಟ್ಟಲ್ಲ ಅವ್ವ. ಸ್ಕೂಲೂ ಬಿಡ್ಸಲ್ಲ. ನೀನು ದಿನಾ ಪೂಜೆ ಮಾಡುವಾಗ ಲಿಂಗಾನ ಯಾವ ಕೈಲಿ ಇಟ್ಕೋತೀಯ, ಹೇಳು?"

ಅವ್ವ ಅರವತ್ತು ವರ್ಷ ಶಿವನನ್ನು ಕೂರಿಸಿಕೊಂಡಿದ್ದ ತಮ್ಮ ಎಡ ಅಂಗೈಯನ್ನು, ಅದು ಬೇರೆ ಯಾರದೋ ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಬರೀಲಿ ಬಿಡು" ಎಂದರು ಕೊನೆಗೆ. "ಉಣ್ಣೋಕೆ ಮಾತ್ರ ಬಲಗೈ ಕಣೋ."

ಪಂಕಜಾಕ್ಷಿ ಎಡಗೈಯಲ್ಲಿ ಬಳಪ ಹಿಡಿದು ನನ್ನ ಮುಖ ನೋಡಿದಳು.

"ಅಪ್ಪ... ಹೊ... ಹೊಡಿಯಲ್ವಾ?"

ಮಾರನೆಯ ದಿನ ಶಾಲೆಯಲ್ಲಿ, ಎಡಗೈಯವರು ಕೈ ಎತ್ತಿ ಎಂದೆ. ಬಹಳ ಹೊತ್ತಾದ ಮೇಲೆ ಏಳು ಕೈ ಹೆದರುತ್ತಾ ಮೇಲೆದ್ದವು. ಏಳೂ ನಾನೇ ಕಟ್ಟಿಸಿದ್ದವು. ಆ ಮಕ್ಕಳ ಮುಂದೆ ನಿಂತು, "ನನ್ನದು ತಪ್ಪಾಯ್ತು ಮಕ್ಕಳೇ" ಎಂದೆ.